ವಿಷಯ ಹುಡುಕುವ ಮುನ್ನ ಒಂದು ಆಲೆಮನೆಗೆ ಹೋಗಿ ಬನ್ನಿ

ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿಂದ ಈ ಅಂಕಣಕ್ಕೆ ಪ್ರತಿ ವರ್ಷ ಬರುವ ಪ್ರಶ್ನೆ ಒಂದೇ. ‘ಸರ್, ಅನುದಾನಕ್ಕೆ ಅರ್ಜಿ ಹಾಕಬೇಕು, ಕೊನೆಯ ದಿನಾಂಕ ಹತ್ತಿರ ಬಂತು, ಒಂದು ಒಳ್ಳೆಯ ಪ್ರಾಜೆಕ್ಟ್ ಐಡಿಯಾ ಹೇಳಿ.’ ಪೋಷಕರೂ ಕೇಳುತ್ತಾರೆ. ಚಿಕ್ಕ ಊರುಗಳ ಕಾಲೇಜುಗಳ ಯುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಪರವಾಗಿ ಕೇಳುವುದೂ ಉಂಟು. ಒಂದು ವಿಷಯ ಹೇಳಿ ಮುಗಿಸಿಬಿಡುವುದು ನನಗೆ ಸುಲಭ. ಆದರೆ ಹಾಗೆ ಕೊಟ್ಟ ವಿಷಯ ಆ ಮಕ್ಕಳ ಕೈಯಲ್ಲಿ ಬೆಳೆಯುವುದಿಲ್ಲ ಎಂಬುದನ್ನು ಬಹಳ ಸಲ ನೋಡಿದ್ದೇನೆ. ಹಾಗಾಗಿ ವಿಷಯದ ಪಟ್ಟಿ ಕೊಡುವ ಬದಲು, ವಿಷಯ ಹುಟ್ಟುವುದು ಎಲ್ಲಿ, ಅದನ್ನು ಅರ್ಜಿಯ ನಾಲ್ಕು ಪುಟಕ್ಕೆ ಇಳಿಸುವುದು ಹೇಗೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಇಂಥ ಅನುದಾನ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಕೆಎಸ್‌ಸಿಎಸ್‌ಟಿ, ಅಂದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. 1975ರಲ್ಲಿ ಹುಟ್ಟಿದ ಈ ಮಂಡಳಿಯ ಕಚೇರಿ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ. ಅದರ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ 1970ರ ದಶಕದ ಕೊನೆಯಿಂದ ನಡೆದುಕೊಂಡು ಬಂದಿದೆ. ಕಾಲೇಜಿನ ಮೂಲಕ ಪ್ರಸ್ತಾವನೆ ಹೋಗಬೇಕು, ಅದಕ್ಕೊಬ್ಬ ಗೈಡ್ ಇರಬೇಕು, ಪ್ರಾಂಶುಪಾಲರ ಸಹಿ ಬೇಕು. ಆಯ್ಕೆಯಾದರೆ ಒಂದಷ್ಟು ಸಾವಿರ ರೂಪಾಯಿ ಸಿಗುತ್ತದೆ, ನಡುವೆ ಒಂದು ಪರಿಶೀಲನೆ ನಡೆಯುತ್ತದೆ, ಕೊನೆಗೆ ಆಯ್ದ ಪ್ರಾಜೆಕ್ಟುಗಳಿಗೆ ರಾಜ್ಯ ಮಟ್ಟದ ಪ್ರದರ್ಶನದಲ್ಲಿ ಜಾಗ. ಹಣದ ಮೊತ್ತ, ಅರ್ಹತೆ, ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಹಣ ದೊಡ್ಡದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಅದೇ ಈ ಯೋಜನೆಯ ಒಳ್ಳೆಯ ಗುಣ. ಕಡಿಮೆ ಹಣ ಎಂದರೆ ಕೆಲಸವೂ ಚಿಕ್ಕದಾಗಿರಬೇಕು, ಖಚಿತವಾಗಿರಬೇಕು. ಇಪ್ಪತ್ತೊಂದರ ಹುಡುಗ ಹುಡುಗಿಯರಿಗೆ ಬೇಕಾಗಿರುವುದೂ ಆ ಅಭ್ಯಾಸವೇ.

ಪ್ರಸ್ತಾವನೆ ಓದುವವರ ಮೇಜಿನ ಮೇಲೆ ಒಂದರ ಮೇಲೊಂದು ಕಡತ ಇರುತ್ತದೆ. ಅವುಗಳ ಶೀರ್ಷಿಕೆಗಳನ್ನು ಕಣ್ಣುಮುಚ್ಚಿ ಹೇಳಬಹುದು. ಸ್ಮಾರ್ಟ್ ಕಸದ ಬುಟ್ಟಿ, ಅಂಧರಿಗೆ ಸ್ಮಾರ್ಟ್ ಕೋಲು, ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ, ಮೊಬೈಲ್‌ನಿಂದ ನಡೆಸುವ ನೀರಾವರಿ, ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್. ಇವು ಕೆಟ್ಟ ವಿಷಯಗಳು ಎಂದು ನಾನು ಹೇಳುತ್ತಿಲ್ಲ. ಅಂಧರ ಕೋಲು ಮಾಡುವ ತಂಡ ಒಬ್ಬರೇ ಒಬ್ಬ ಅಂಧರ ಜತೆ ಬಸ್ ನಿಲ್ದಾಣದವರೆಗೆ ನಡೆದಿರುವುದಿಲ್ಲ, ನನ್ನ ತಕರಾರು ಅಷ್ಟೇ. ಕೋಲಿನ ತುದಿ ನೆಲಕ್ಕೆ ತಾಗಿದಾಗ ಬರುವ ಸದ್ದಿನಿಂದ ಅವರಿಗೆ ಎಷ್ಟು ತಿಳಿಯುತ್ತದೆ, ಕೋಲು ಭಾರವಾದರೆ ಮಣಿಕಟ್ಟು ಎಷ್ಟು ಬೇಗ ಸೋಲುತ್ತದೆ, ಸಂತೆಯ ಗಲಾಟೆಯಲ್ಲಿ ಬೀಪ್ ಸದ್ದು ಕೇಳುತ್ತದೆಯೇ, ಇವು ನಡೆದರೆ ಮಾತ್ರ ಗೊತ್ತಾಗುವ ಸಂಗತಿಗಳು.

ಎಲೆ ರೋಗದ ಆ್ಯಪ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಈಗ ಅತಿ ಹೆಚ್ಚು ಮಕ್ಕಳು ಆರಿಸಿಕೊಳ್ಳುವುದು ಅದನ್ನೇ. ಬಹುತೇಕ ತಂಡಗಳು ‘ಪ್ಲಾಂಟ್‌ವಿಲೇಜ್’ ಎಂಬ ಉಚಿತ ಚಿತ್ರಸಂಗ್ರಹವನ್ನು ಇಳಿಸಿಕೊಂಡು ಕಂಪ್ಯೂಟರಿಗೆ ಕಲಿಸುತ್ತವೆ. 2016ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ ಇದೇ ಸಂಗ್ರಹದ 54,306 ಚಿತ್ರಗಳನ್ನು ಬಳಸಿ ಶೇಕಡ 99.35ರಷ್ಟು ನಿಖರತೆ ಸಾಧಿಸಿತು. ಎಲ್ಲರ ಪ್ರಸ್ತಾವನೆಯಲ್ಲೂ ಈ ಅಂಕಿ ಇರುತ್ತದೆ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಬರೆಯುವುದಿಲ್ಲ. ಬೇರೆ ಕಡೆಯಿಂದ ತಂದ ಚಿತ್ರಗಳನ್ನು ತೋರಿಸಿದಾಗ ಆ ನಿಖರತೆ ಶೇಕಡ 31ರ ಆಸುಪಾಸಿಗೆ ಕುಸಿಯಿತು, ಮತ್ತು ಅದನ್ನು ಬರೆದವರೇ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾರೆ. ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿರುವುದು ಎಲೆಯನ್ನು ಕಿತ್ತು, ಸಾದಾ ಹಿನ್ನೆಲೆಯ ಮೇಲೆ ಇಟ್ಟು ತೆಗೆದ ಚಿತ್ರಗಳು. ಹೊಲದಲ್ಲಿ ಬಿಸಿಲು, ನೆರಳು, ಧೂಳು, ಪಕ್ಕದ ಎಲೆ ಎಲ್ಲ ಸೇರಿಕೊಳ್ಳುತ್ತವೆ. ಇನ್ನೂ ಒಂದು ವಿಷಯ. ಆ ಸಂಗ್ರಹದಲ್ಲಿರುವ 14 ಬೆಳೆಗಳಲ್ಲಿ ಸೇಬು, ಬ್ಲೂಬೆರಿ, ಸ್ಟ್ರಾಬೆರಿ ಇವೆ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳವೂ ಇವೆ, ಆದರೆ ಅಡಿಕೆ ಇಲ್ಲ, ರಾಗಿ ಇಲ್ಲ, ತೆಂಗು ಇಲ್ಲ. ತೀರ್ಥಹಳ್ಳಿಯ ವಿದ್ಯಾರ್ಥಿಯೊಬ್ಬ ಅಪ್ಪನ ತೋಟದಲ್ಲಿ ಎಲೆಚುಕ್ಕಿ ರೋಗದಿಂದ ಒಣಗುತ್ತಿರುವ ಅಡಿಕೆ ಸೋಗೆಗಳನ್ನು ನೋಡುತ್ತಲೇ, ಪ್ರಾಜೆಕ್ಟಿಗೆ ಮಾತ್ರ ಸೇಬಿನ ಎಲೆಯ ಚಿತ್ರಗಳನ್ನು ಬಳಸಿದರೆ ಅದರಲ್ಲಿ ಕಲಿಕೆ ಎಲ್ಲಿದೆ? ಅದೇ ಹುಡುಗ ತನ್ನ ತೋಟದಲ್ಲೇ, ರೋಗದ ಬೇರೆ ಬೇರೆ ಹಂತದ ಸೋಗೆಗಳ ಕೆಲವೇ ನೂರು ಫೋಟೊ ತೆಗೆದು, ತೋಟಗಾರಿಕೆ ಇಲಾಖೆಯವರಿಂದ ಪ್ರತಿಯೊಂದಕ್ಕೂ ಹೆಸರು ಬರೆಸಿಕೊಂಡು ಬಂದರೆ ಅದೇ ಒಂದು ಪ್ರಾಜೆಕ್ಟ್. ಆ್ಯಪ್ ಮಾಡುವುದು ಆಮೇಲಿನ ಮಾತು.

ಈಗ ನಾನು ಹತ್ತಿರದಿಂದ ನೋಡಿದ ಒಂದು ತಂಡದ ವಿಷಯ ಹೇಳುತ್ತೇನೆ. ಮಂಡ್ಯ ಕಡೆಯ ನಾಲ್ವರು ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಅವರ ಮೊದಲ ಶೀರ್ಷಿಕೆ ‘ಐಒಟಿ ಆಧಾರಿತ ಸ್ಮಾರ್ಟ್ ಆಲೆಮನೆ’. ಕೊಪ್ಪರಿಗೆಯಲ್ಲಿ ಸೆನ್ಸರ್ ಇಟ್ಟು, ಪಾಕ ಬಂತೋ ಇಲ್ಲವೋ ಎಂದು ಮೊಬೈಲಿಗೆ ಸಂದೇಶ ಕಳಿಸುವ ಆಲೋಚನೆ. ಚಿತ್ರ ಚೆನ್ನಾಗಿತ್ತು, ಬಾಣದ ಗುರುತುಗಳೂ ಅಚ್ಚುಕಟ್ಟಾಗಿದ್ದವು. ಗಾಣಕ್ಕೆ ಕಬ್ಬು ಕೊಡುವುದರಿಂದ ಹಿಡಿದು ಅಚ್ಚಿಗೆ ಬೆಲ್ಲ ಸುರಿಯುವವರೆಗೆ ಒಂದು ಪೂರ್ತಿ ಅಡುಗೆಯನ್ನು ನಿಂತು ನೋಡಿದ್ದೀರಾ ಎಂದು ಕೇಳಿದೆ. ಊರು ಮಂಡ್ಯವೇ ಆದರೂ ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ. ಹೋಗಿ ಬನ್ನಿ, ಒಂದು ತಕ್ಕಡಿ, ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು ಎಂದೆ.

ಹೋದರು. ಪಾಕ ನೋಡುವ ಹಿರಿಯರು ಹುಟ್ಟಿನ ತುದಿಯಿಂದ ಕುದಿಯುವ ರಸದ ಒಂದೆರಡು ಹನಿ ತೆಗೆದು ತಣ್ಣೀರಿಗೆ ಬಿಟ್ಟರಂತೆ, ಬೆರಳಲ್ಲಿ ಉರುಟಿ ಗಟ್ಟಿಯಾಯಿತೇ ನೋಡಿದರಂತೆ, ಆಮೇಲೆ ಇಳಿಸಿ ಎಂದರಂತೆ. ಬೆಲ್ಲದ ಪಾಕ ಬರುವುದು ಹೆಚ್ಚುಕಡಿಮೆ 115ರಿಂದ 118 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಕ್ಕಳು ಥರ್ಮಾಮೀಟರ್ ಇಟ್ಟು ನೋಡಿದಾಗ ಆ ಬೆರಳುಗಳು ಪ್ರತಿ ಸಲವೂ ಸರಿಯಾದ ಹೊತ್ತಿಗೇ ಹೇಳುತ್ತಿದ್ದವು. ‘ಪಾಕ ನನ್ ಬೆರಳಿಗೇ ಗೊತ್ತಾಯ್ತದೆ ಕಣ್ರಪ್ಪ, ಅದಕ್ಯಾಕೆ ಮಿಷನ್ನು? ಮಳೆ ಹಿಡ್ಕೊಂಡ್ರೆ ಈ ರಚ್ಚು ಒಣಗಲ್ಲ. ಬರೀ ಹೊಗೆ. ಅದಕ್ಕೇನಾದ್ರೂ ಮಾಡಿ’ ಎಂದರು ಅವರು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯೇ ರಚ್ಚು. ಆಲೆಮನೆಯ ಒಲೆಗೆ ಅದೇ ಸೌದೆ.

ಪ್ರಾಜೆಕ್ಟ್ ಸಿಕ್ಕಿದ್ದು ಆ ಮಾತಿನಲ್ಲಿ. ಮಕ್ಕಳು ತಿರುಗಿ ಬಂದು ಲೆಕ್ಕಕ್ಕೆ ಕುಳಿತರು. ನೂರು ಕಿಲೋ ಕಬ್ಬಿನ ಹಾಲಿನಲ್ಲಿ ಸುಮಾರು ಎಂಬತ್ತು ಕಿಲೋ ನೀರೇ ಇರುತ್ತದೆ. ಅದನ್ನೆಲ್ಲ ಆವಿ ಮಾಡಿ ಓಡಿಸಿದರೆ ತಾನೇ ಬೆಲ್ಲ? ಕುದಿಯುತ್ತಿರುವ ಒಂದು ಕಿಲೋ ನೀರು ಆವಿಯಾಗಲು 2,257 ಕಿಲೋಜೂಲ್ ಶಾಖ ಬೇಕು, ಎಂಬತ್ತು ಕಿಲೋಗೆ ಹೆಚ್ಚುಕಡಿಮೆ 1.8 ಲಕ್ಷ ಕಿಲೋಜೂಲ್. ಚೆನ್ನಾಗಿ ಒಣಗಿದ ರಚ್ಚು ಕಿಲೋಗೆ ಸುಮಾರು 17,000 ಕಿಲೋಜೂಲ್ ಕೊಡುತ್ತದೆ. ಅಂದರೆ ಒಂದಿಷ್ಟೂ ಶಾಖ ಪೋಲಾಗದಿದ್ದರೆ ಹತ್ತು ಹನ್ನೊಂದು ಕಿಲೋ ರಚ್ಚಿನಲ್ಲಿ ಆ ನೀರು ಆವಿಯಾಗಬೇಕು. ಒಲೆಗೆ ಬೀಳುವುದು ಅದಕ್ಕಿಂತ ಎಷ್ಟೋ ಹೆಚ್ಚು. ಉಳಿದ ಶಾಖ ಚಿಮಣಿಯಲ್ಲಿ, ಒಲೆಯ ಗೋಡೆಯಲ್ಲಿ, ಸರಿಯಾಗಿ ಉರಿಯದ ಹೊಗೆಯಲ್ಲಿ ಹೋಗುತ್ತಿದೆ. ಗಾಣದಿಂದ ಆಗತಾನೇ ಬಂದ ರಚ್ಚಿನಲ್ಲಿ ಅರ್ಧದಷ್ಟು ತೇವವೇ ಇರುತ್ತದೆ. ಅದನ್ನು ಹಾಗೇ ಉರಿಸಿದರೆ ಅದರ ಶಾಖದ ಒಂದು ಪಾಲು ಅದರದೇ ನೀರನ್ನು ಒಣಗಿಸುವುದಕ್ಕೆ ಖರ್ಚಾಗಿ, ಕಿಲೋಗೆ ಸಿಗುವುದು ಒಣ ರಚ್ಚಿನ ಅರ್ಧಕ್ಕಿಂತಲೂ ಕಡಿಮೆ. ಅದಕ್ಕೇ ಬಿಸಿಲಿದ್ದಾಗ ಆಲೆಮನೆಯ ಸುತ್ತ ರಚ್ಚು ಹರಡಿರುತ್ತಾರೆ. ಮಳೆ ಬಂದರೆ ಆ ದಾರಿ ಇಲ್ಲ.

ಶೀರ್ಷಿಕೆ ಬದಲಾಯಿತು: ‘ಚಿಮಣಿಯ ಬಿಸಿಯಿಂದ ರಚ್ಚು ಒಣಗಿಸುವ ತಟ್ಟೆ – ಒಂದು ಆಲೆಮನೆಯಲ್ಲಿ ಪರೀಕ್ಷೆ’. ಐಒಟಿ ಹೋಯಿತು, ಮೊಬೈಲ್ ಹೋಯಿತು. ಉದ್ದೇಶ ಮೂರೇ ಸಾಲು. ಈಗಿನ ಒಲೆಯಲ್ಲಿ ಒಂದು ಕಿಲೋ ಬೆಲ್ಲಕ್ಕೆ ಎಷ್ಟು ರಚ್ಚು ಉರಿಯುತ್ತದೆ ಎಂದು ಅಳೆಯುವುದು. ಚಿಮಣಿಯ ಪಕ್ಕ ತಗಡಿನ ತಟ್ಟೆ ಜೋಡಿಸಿ ಒಂದು ಅಡುಗೆಯ ಹೊತ್ತಿನಲ್ಲಿ ರಚ್ಚಿನ ತೇವ ಎಷ್ಟು ಇಳಿಯುತ್ತದೆ ಎಂದು ನೋಡುವುದು. ಆ ರಚ್ಚನ್ನು ಉರಿಸಿ ಮೊದಲಿನ ಲೆಕ್ಕಕ್ಕೆ ಹೋಲಿಸುವುದು. ‘ಇದರಿಂದ ಬೆಲ್ಲ ಉದ್ಯಮಕ್ಕೆ ಕ್ರಾಂತಿ’ ಎಂಬ ಸಾಲನ್ನು ನಾನೇ ಹೊಡೆದುಹಾಕಿಸಿದೆ. ಅವರ ಗೈಡ್ ಒಂದು ಮುಖ್ಯ ಪ್ರಶ್ನೆ ಕೇಳಿದರು: ಒಣಗಿದ ರಚ್ಚು ಬಿಸಿ ಚಿಮಣಿಯ ಪಕ್ಕ ಇದ್ದರೆ ಕಿಡಿ ಹಾರಿ ಬೆಂಕಿ ಹೊತ್ತಿಕೊಳ್ಳುವುದಿಲ್ಲವೇ? ಅದಕ್ಕೆ ತಟ್ಟೆ ಮತ್ತು ಚಿಮಣಿಯ ನಡುವೆ ಎಷ್ಟು ಅಂತರ, ಮಧ್ಯೆ ಯಾವ ತಗಡು, ಪಕ್ಕದಲ್ಲಿ ನೀರು ಮರಳು ಎಲ್ಲಿ ಎಂದು ಪ್ರಸ್ತಾವನೆಯಲ್ಲೇ ಒಂದು ಪ್ಯಾರಾ ಸೇರಿತು. ಓದುವವರಿಗೆ ಅತ್ಯಂತ ಹಿಡಿಸಿದ್ದು ಆ ಪ್ಯಾರಾ ಎಂದೇ ನನ್ನ ನಂಬಿಕೆ. ಏನು ತಪ್ಪಾಗಬಹುದು ಎಂದು ಯೋಚಿಸಿದವರು ಆ ಜಾಗಕ್ಕೆ ನಿಜವಾಗಿ ಹೋಗಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೆಲಕ್ಕೆ ಇಳಿದು ಮೊದಲು ಅಳೆದು ಆಮೇಲೆ ಕಟ್ಟುವ ಈ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕೆಎಸ್‌ಸಿಎಸ್‌ಟಿಯ ಆರಂಭದ ವರ್ಷಗಳಲ್ಲಿ ಕಾರ್ಯದರ್ಶಿಯಾಗಿದ್ದವರೂ ಅವರೇ. ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅವರ ತಂಡ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಹೆಂಗಸರ ಮಕ್ಕಳ ಎಷ್ಟು ಹೊತ್ತಿನ ದುಡಿಮೆ ಎಂದು ಲೆಕ್ಕ ಬರೆದುಕೊಂಡಿತು. ಹಳ್ಳಿ ಬಳಸುವ ಶಕ್ತಿಯಲ್ಲಿ ಸಿಂಹಪಾಲು ಅಡುಗೆಯ ಸೌದೆಯದು ಎಂದು ತಿಳಿದದ್ದು ಹೀಗೆ. ಮೂರು ಪಾತ್ರೆ ಇಡಬಹುದಾದ, ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆ ಬಂದದ್ದು ಅಂಥ ಕೆಲಸದ ಫಲವಾಗಿ.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಘಟಕ ಕಟ್ಟಿ ಮನೆಗಳಿಗೆ ಅಡುಗೆ ಅನಿಲ ಕೊಡುವುದು 1980ರ ದಶಕದ ಆರಂಭದ ಯೋಜನೆ. ಎಲ್ಲ ಮನೆಗೂ ಸಾಕಾಗುವಷ್ಟು ಸಗಣಿಯೇ ಸಿಗಲಿಲ್ಲ. ಯೋಜನೆ ನಿಂತಿತು. ಆಗ ಊರಿನವರೊಡನೆ ಮತ್ತೆ ಕುಳಿತು ಕೇಳಿದಾಗ ತಿಳಿಯಿತು, ಜನರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಅದೇ ಘಟಕದ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಅದು ಹೀಗೆ ನಡೆಯಿತು. ಸಗಣಿ ತಂದವರಿಗೆ ಗೊಬ್ಬರದ ರಾಡಿ ವಾಪಸ್ ಸಿಗುತ್ತಿತ್ತು. ಯಂತ್ರ ಹೆಚ್ಚುಕಡಿಮೆ ಅದೇ, ಪ್ರಶ್ನೆ ಬೇರೆಯಾಯಿತು. ದೇಶದ ಅತ್ಯುತ್ತಮ ಸಂಸ್ಥೆಯ ಪಳಗಿದ ವಿಜ್ಞಾನಿಗಳೇ ಊರಿನವರನ್ನು ಕೇಳಿ ದಾರಿ ಬದಲಿಸಿಕೊಂಡಿರುವಾಗ, ನಮ್ಮ ಮಕ್ಕಳು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ.

ಬರೆಯುವ ಹಂತಕ್ಕೆ ಬರೋಣ. ಉದ್ದೇಶಗಳನ್ನು ಬರೆಯುವಾಗ ಪ್ರತಿ ಸಾಲಿನ ಕೊನೆಯಲ್ಲಿರುವ ಕ್ರಿಯಾಪದ ನೋಡಿಕೊಳ್ಳಿ. ‘ಅಧ್ಯಯನ ಮಾಡುವುದು’, ‘ಸುಧಾರಿಸುವುದು’, ‘ಜಾಗೃತಿ ಮೂಡಿಸುವುದು’ ಎಂದಿದ್ದರೆ ಅದು ಮುಗಿಯಿತೋ ಇಲ್ಲವೋ ಎಂದು ಹೇಳುವುದು ಹೇಗೆ? ಅಳೆಯುವುದು, ಹೋಲಿಸುವುದು, ಕಟ್ಟಿ ಪರೀಕ್ಷಿಸುವುದು ಎಂದಿದ್ದರೆ ಆರು ತಿಂಗಳ ನಂತರ ಬಂದು ಕೇಳುವವರಿಗೆ ಉತ್ತರ ಇರುತ್ತದೆ. ಅರ್ಜಿ ಹಾಕುವ ಮುಂಚೆಯೇ ನೀವೇ ಅಳೆದ ಕನಿಷ್ಠ ಒಂದು ಅಂಕಿ ಪ್ರಸ್ತಾವನೆಯಲ್ಲಿರಲಿ. ಒಂದೇ ಇದ್ದರೂ ಸಾಕು. ‘ಒಂದು ಕೊಪ್ಪರಿಗೆಗೆ ಉರಿದ ರಚ್ಚನ್ನು ನಾವು ತೂಕ ಮಾಡಿದೆವು’ ಎಂಬ ವಾಕ್ಯದ ಮುಂದೆ, ‘ಭಾರತ ಕೃಷಿಪ್ರಧಾನ ದೇಶ’ ಎಂದು ಶುರುವಾಗುವ ಇಡೀ ಪುಟದ ಪೀಠಿಕೆ ನಿಲ್ಲುವುದಿಲ್ಲ.

ಹಿಂದೆ ಯಾರು ಏನು ಮಾಡಿದ್ದಾರೆ ಎಂದು ನೋಡುವುದನ್ನು ಮಕ್ಕಳು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅದು ಮೊದಲೇ ಆಗಬೇಕು. ಬೆಲ್ಲದ ವಿಷಯವಾದರೆ ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕೃಷಿ ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ, ಅಲ್ಲಿಗೆ ಒಂದು ಬಸ್ಸು ಹತ್ತಿದರಾಯಿತು. ನಿಮ್ಮ ಆಲೋಚನೆ ಆಗಲೇ ಯಾರೋ ಮಾಡಿದ್ದಾರೆ ಎಂದು ಗೊತ್ತಾದರೆ ಎದೆಗುಂದಬೇಡಿ. ಅವರು ಎಲ್ಲಿ ನಿಲ್ಲಿಸಿದರು ಎಂದು ಓದಿ, ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟರೂ ಅದು ನಿಮ್ಮದೇ ಕೆಲಸ.

ಖರ್ಚಿನ ಪಟ್ಟಿ ನೋಡಿದರೆ ತಂಡದ ಸಿದ್ಧತೆ ಗೊತ್ತಾಗಿಬಿಡುತ್ತದೆ. ‘ಬಿಡಿಭಾಗಗಳು’, ‘ಇತರೆ’ ಎಂದು ಎರಡು ಸಾಲಿನಲ್ಲಿ ದುಂಡು ಮೊತ್ತ ಬರೆದವರು ಅಂಗಡಿಗೆ ಹೋಗಿಲ್ಲ. ಆಲೆಮನೆಯ ತಂಡ ಹೋಗಿ ಬಂದು ಬರೆದಿತ್ತು: ಬಿಸಿ ಅಳೆಯುವ ಥರ್ಮೋಕಪಲ್ ಎಷ್ಟು ಬೇಕು, ಒಂದಕ್ಕೆ ಏನು ಬೆಲೆ, ತಗಡು ಎಷ್ಟು ಗೇಜಿನದು, ವೆಲ್ಡಿಂಗ್ ಅಂಗಡಿಯವರು ಕೇಳಿದ ಕೂಲಿ, ಬಸ್ ಚಾರ್ಜು. ತಕ್ಕಡಿ ಆಲೆಮನೆಯದೇ, ಅದಕ್ಕೆ ಹಣ ಬೇಡ ಎಂದೂ ಬರೆದಿದ್ದರು. ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ ಇಂಥ ಅನುದಾನ ಇರುವುದಲ್ಲ. ಇರುವ ಪ್ರಯೋಗಾಲಯ, ವರ್ಕ್‌ಶಾಪ್ ಎಲ್ಲವನ್ನೂ ಬಳಸಿಕೊಂಡು, ಅಲ್ಲಿ ಸಿಗದ್ದಕ್ಕೆ ಮಾತ್ರ ಕೇಳಿದರೆ ಕೊಡುವವರಿಗೂ ಕೊಡಬೇಕು ಅನ್ನಿಸುತ್ತದೆ.

ಕಾಲದ ಲೆಕ್ಕದಲ್ಲೂ ಇದೇ ಪ್ರಾಮಾಣಿಕತೆ ಇರಲಿ. ನಡುವೆ ಇಂಟರ್ನಲ್ಸ್ ಇವೆ, ಕ್ಯಾಂಪಸ್ ಇಂಟರ್‌ವ್ಯೂ ಇವೆ, ಊರ ಹಬ್ಬವಿದೆ. ಕಬ್ಬು, ಅಡಿಕೆ, ರಾಗಿ ಯಾವುದೇ ಆದರೂ ಅದರ ಹಂಗಾಮು ವಿಶ್ವವಿದ್ಯಾಲಯದ ಕ್ಯಾಲೆಂಡರ್‌ಗೆ ಕಾಯುವುದಿಲ್ಲ. ಅಡಿಕೆ ಸುಲಿಯುವ ಯಂತ್ರ ಮಾಡಿ ಮೇ ತಿಂಗಳಲ್ಲಿ ಪರೀಕ್ಷೆಗೆ ಇಳಿದರೆ ಕೊಯ್ಲು ಮುಗಿದಿರುತ್ತದೆ. ಹಣ ಕೈಗೆ ಬರುವುದು ತಡವಾಗಬಹುದು ಎಂಬುದೂ ಲೆಕ್ಕದಲ್ಲಿರಲಿ. ಹಣವಿಲ್ಲದೆ ಮಾಡಬಹುದಾದ ಅಳತೆಯ ಕೆಲಸವನ್ನು ಮೊದಲ ತಿಂಗಳುಗಳಿಗೆ ಇಟ್ಟುಕೊಂಡರೆ ಕಾಯುವ ದಿನ ವ್ಯರ್ಥವಾಗುವುದಿಲ್ಲ.

ಒಂದು ಮಾತನ್ನು ನೇರವಾಗಿ ಹೇಳಬೇಕು. ದುಡ್ಡು ಕೊಟ್ಟರೆ ಪ್ರಾಜೆಕ್ಟನ್ನೇ ಮಾಡಿಕೊಡುವ, ವರದಿಯನ್ನೂ ಬರೆದುಕೊಡುವ ಅಂಗಡಿಗಳು ನಮ್ಮ ನಗರಗಳಲ್ಲಿವೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ಫೀಸಿನ ಮೇಲೆ ಈ ಖರ್ಚೂ ಬೀಳುತ್ತದೆ. ಅಲ್ಲಿ ಕೊಂಡ ಪೆಟ್ಟಿಗೆ ಪ್ರದರ್ಶನದ ದಿನ ಮಿನುಗುತ್ತದೆ, ‘ಈ ರೆಸಿಸ್ಟರ್ ಯಾಕೆ ಇಲ್ಲಿ?’ ಎಂದು ಕೇಳಿದರೆ ನಾಲ್ವರೂ ನೆಲ ನೋಡುತ್ತಾರೆ. ನನಗೆ ಆ ಮಕ್ಕಳ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಯಾರೂ ಅವರನ್ನು ಒಂದು ಆಲೆಮನೆಗೆ, ಒಂದು ನೇಕಾರರ ಕೇರಿಗೆ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ‘ಇಲ್ಲಿ ಏನು ತೊಂದರೆ ಇದೆ, ನೋಡು’ ಎಂದು ಹೇಳಿರುವುದಿಲ್ಲ. ಇದರಲ್ಲಿ ದೊಡ್ಡ ಜವಾಬ್ದಾರಿ ಅಧ್ಯಾಪಕರದು. ಗೈಡ್ ಎಂದು ಸಹಿ ಹಾಕುವವರು ಒಂದು ದಿನವಾದರೂ ಮಕ್ಕಳ ಜತೆ ಆ ಜಾಗಕ್ಕೆ ಹೋಗಿರಬೇಕು ಎಂದು ಕಾಲೇಜುಗಳೇ ನಿಯಮ ಮಾಡಿಕೊಂಡರೆ ಪ್ರಸ್ತಾವನೆಗಳ ಗುಣಮಟ್ಟ ಒಂದೇ ವರ್ಷದಲ್ಲಿ ಬದಲಾಗುತ್ತದೆ. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.

ಈ ಅಂಕಣ ಓದುವ ರೈತರು, ಕುಶಲಕರ್ಮಿಗಳು, ಸಣ್ಣ ಕಾರ್ಖಾನೆಯವರು, ಆಶಾ ಕಾರ್ಯಕರ್ತೆಯರಲ್ಲಿ ಒಂದು ವಿನಂತಿ. ಹುಡುಗರೋ ಹುಡುಗಿಯರೋ ನೋಟ್‌ಬುಕ್ ಹಿಡಿದು ನಿಮ್ಮಲ್ಲಿಗೆ ಬಂದರೆ ಅವರಿಗೆ ಒಂದಿಷ್ಟು ಹೊತ್ತು ಕೊಡಿ, ಕೆಲಸ ತೋರಿಸಿ, ಎಲ್ಲಿ ಕಷ್ಟ ಎಂದು ಹೇಳಿ. ವಿದ್ಯಾರ್ಥಿಗಳೇ, ನಿಮ್ಮಲ್ಲೂ ಒಂದು ವಿನಂತಿ. ಕೆಲಸ ಮುಗಿದ ಮೇಲೆ, ಪ್ರಯೋಗ ಗೆಲ್ಲಲಿ ಸೋಲಲಿ, ಸಿಕ್ಕ ಫಲಿತಾಂಶವನ್ನು ಎರಡು ಪುಟ ಕನ್ನಡದಲ್ಲಿ ಬರೆದು ನಿಮಗೆ ಹೊತ್ತು ಕೊಟ್ಟವರ ಕೈಗೆ ತಲುಪಿಸಿ. ಆ ಎರಡು ಪುಟದ ಟೈಪಿಂಗ್ ಮತ್ತು ಜೆರಾಕ್ಸ್ ಖರ್ಚನ್ನು ಈಗಲೇ ನಿಮ್ಮ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.